ದ್ವೀಪ ಬದಲಾದರೆ ಚಿಟ್ಟೆಯ ಬಣ್ಣವೂ ಬೇರೆ: ಆಲ್ಫ್ರೆಡ್ ವಾಲೇಸ್ ಕಂಡ ಸತ್ಯ

ಚಿಟ್ಟೆ, ಹಕ್ಕಿಗಳನ್ನು ಹಿಡಿದು ಮಾರಿ ಹೊಟ್ಟೆ ಹೊರೆದವರು ಆಲ್ಫ್ರೆಡ್ ರಸೆಲ್ ವಾಲೇಸ್. ಮುಂದೆ ಜೀವವಿಕಾಸದ ಸಿದ್ಧಾಂತದಲ್ಲಿ ಡಾರ್ವಿನ್ ಜೊತೆ ಅವರ ಹೆಸರೂ ಸೇರಿತು.

1823ರ ಜನವರಿ 8ರಂದು ವೇಲ್ಸ್‌ನಲ್ಲಿ ಹುಟ್ಟಿದ ಅವರು ಬಡತನದಿಂದಾಗಿ 14ನೇ ವಯಸ್ಸಿಗೇ ಶಾಲೆ ಬಿಟ್ಟರು. ಅಣ್ಣನ ಜೊತೆ ಜಮೀನು ಅಳತೆಯ ಕೆಲಸ ಮಾಡಿದರು. 1848ರಲ್ಲಿ ಗೆಳೆಯ ಹೆನ್ರಿ ಬೇಟ್ಸ್ ಜೊತೆ ಅಮೆಜಾನ್ ಕಾಡಿಗೆ ಹೋದರು. ಅಲ್ಲಿಗೆ ಬಂದಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರಕ್ಕೆ ಬಲಿಯಾದ. 1852ರಲ್ಲಿ ಊರಿಗೆ ಮರಳುವಾಗ ಹಡಗಿಗೆ ಬೆಂಕಿ ಬಿದ್ದು, ಅದರಲ್ಲಿದ್ದ ಸಂಗ್ರಹವೂ ಸುಟ್ಟುಹೋಯಿತು.

ಆದರೆ ಕಲಿತ ಪಾಠ ಉಳಿಯಿತು. ದೊಡ್ಡ ನದಿಯ ಈ ದಡದಲ್ಲಿರುವ ಕೋತಿ ಆ ದಡದಲ್ಲಿ ಇಲ್ಲದಿರಬಹುದು. ಆದ್ದರಿಂದ ಜೀವಿ ಯಾವುದು ಎಂಬಷ್ಟೇ, ಎಲ್ಲಿ ಸಿಕ್ಕಿತು ಎಂಬುದೂ ಮುಖ್ಯ.

1854ರಲ್ಲಿ ಅವರು ಇಂದಿನ ಮಲೇಷ್ಯಾ, ಇಂಡೋನೇಷ್ಯಾ ದ್ವೀಪಗಳತ್ತ ಹೊರಟರು. 1857ರಲ್ಲಿ ಅರು ದ್ವೀಪದಲ್ಲಿ ದೊಡ್ಡ ರೆಕ್ಕೆಯ ಬರ್ಡ್‌ವಿಂಗ್ ಚಿಟ್ಟೆ ಸಿಕ್ಕಿತು. ಗಂಡಿನ ಬಣ್ಣ ಕಪ್ಪಿನ ಮೇಲೆ ಹೊಳೆವ ಹಸಿರು. 1858ರ ಕೊನೆಯಲ್ಲಿ ಬಚನ್ ದ್ವೀಪಕ್ಕೆ ಹೋದಾಗ ಇದೇ ಬಳಗದ ಹೆಣ್ಣು ಚಿಟ್ಟೆ ಕಣ್ಣಿಗೆ ಬಿತ್ತು, ಕೈಗೆ ಸಿಗಲಿಲ್ಲ. ಆಮೇಲೆ ಬಿಳಿ ಎಲೆಯ ಮುಸ್ಸಂಡ ಗಿಡದ ಬಳಿ ಚಿಟ್ಟೆಗಳು ಬರುವುದನ್ನು ಗಮನಿಸಿ ಕಾದರು. 1859ರ ಜನವರಿಯಲ್ಲಿ ಗಂಡು ಬಲೆಗೆ ಬಿತ್ತು. ಆಕಾರ ಅರುವಿನದರಂತೆಯೇ, ಆದರೆ ಹಸಿರು ಇರಬೇಕಾದಲ್ಲಿ ಹೊಂಬಣ್ಣದ ಕಿತ್ತಳೆ! ಎದೆ ಹೊಡೆದುಕೊಂಡು ವಾಲೇಸ್ ಮೂರ್ಛೆ ಹೋಗುವಂತಾದರು. ಆ ದಿನವಿಡೀ ತಲೆನೋವು ಬಿಡಲಿಲ್ಲ. ಚಿಟ್ಟೆಗೆ ಸಿರಿವಂತ ದೊರೆ ಕ್ರೀಸಸ್‌ನ ಹೆಸರಿಟ್ಟರು. ನೆರೆಯ ಹಲ್ಮಹೇರ ದ್ವೀಪದಲ್ಲಿ ಇದರ ಉಪಪ್ರಭೇದವೊಂದಿದೆ. ಅದರ ಕಿತ್ತಳೆಗೆ ಕೆಂಪು ಛಾಯೆ ಹೆಚ್ಚು.

ಸಮುದ್ರ ಅಡ್ಡ ಬಂದಾಗ ಒಂದೇ ಮೂಲದ ಚಿಟ್ಟೆಗಳು ತಲೆಮಾರು ಕಳೆದಂತೆ ಬೇರೆ ಬೇರೆ ರೂಪ ತಾಳುತ್ತವೆ. ಇಂಥ ಸ್ಥಳೀಯ ರೂಪ, ಉಪಪ್ರಭೇದ, ಪ್ರಭೇದಗಳನ್ನು ಬಿಡಿಸಿ ನೋಡುವ ಬಗೆಯನ್ನು ವಾಲೇಸ್ 1865ರ ಲೇಖನದಲ್ಲಿ ವಿವರಿಸಿದರು. 8 ವರ್ಷಗಳಲ್ಲಿ ಅವರು ಒಟ್ಟುಮಾಡಿದ ಮಾದರಿಗಳು 1,25,000ಕ್ಕೂ ಹೆಚ್ಚು. 1913ರ ನವೆಂಬರ್ 7ರಂದು ನಿಧನರಾದರು.

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಬಳಗದ್ದು. ವಯನಾಡು, ಕಾಸರಗೋಡಿನ ಕಾಡುಗಳಲ್ಲೂ ಹಾರುವ ಇದನ್ನು ಹಿಂದೆ ಇನ್ನೊಂದು ಚಿಟ್ಟೆಯ ಉಪಪ್ರಭೇದ ಎನ್ನುತ್ತಿದ್ದರು, ಈಗ ಪ್ರತ್ಯೇಕ ಪ್ರಭೇದವೆಂದು ಪರಿಗಣಿಸುತ್ತಾರೆ. ಚಿಟ್ಟೆಯ ಚಿತ್ರ ತೆಗೆಯುವವರು ದಿನಾಂಕದ ಜೊತೆ ಊರಿನ ಹೆಸರನ್ನೂ ಬರೆದಿಟ್ಟುಕೊಳ್ಳಿ.