ಅನ್ನಾ ಮಣಿ

ಅನ್ನಾ ಮಣಿ (೨೩ ಆಗಸ್ಟ್ ೧೯೧೮ – ೧೬ ಆಗಸ್ಟ್ ೨೦೦೧) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ತಜ್ಞೆ. ಹವಾಮಾನ ಮಾಪನ ಉಪಕರಣಗಳ ವಿನ್ಯಾಸ, ಸೌರ ವಿಕಿರಣ ಹಾಗೂ ಓಝೋನ್ ಅಳತೆಯ ಕಾರ್ಯಕ್ಕಾಗಿ ಇವರು ಪ್ರಸಿದ್ಧರು.

ಜನನ ಮತ್ತು ಶಿಕ್ಷಣ

ಇವರು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ೧೯೩೯ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಭೌತ ಮತ್ತು ರಸಾಯನ ವಿಜ್ಞಾನಗಳಲ್ಲಿ ಬಿ.ಎಸ್ಸಿ. ಪದವಿ ಪಡೆದರು.

ಬೆಂಗಳೂರಿನಲ್ಲಿ ಸಂಶೋಧನೆ

೧೯೪೦ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಧ್ಯಯನ ಮಾಡಿದರು. ಈ ಅವಧಿಯಲ್ಲಿ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ಸಂಸ್ಥೆಗೆ ಆಗ ಪದವಿ ಪ್ರದಾನ ಮಾಡುವ ಅಧಿಕಾರವಿರಲಿಲ್ಲವಾದ್ದರಿಂದ ೧೯೪೫ರಲ್ಲಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯವು ಇವರಿಗೆ ಡಾಕ್ಟರೇಟ್ ನೀಡಲಿಲ್ಲ. ಆ ಮಹಾಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಸಂರಕ್ಷಿತವಾಗಿದೆ.

ವೃತ್ತಿಜೀವನ

ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ಬಗ್ಗೆ ತರಬೇತಿ ಪಡೆದು ೧೯೪೮ರಲ್ಲಿ ಸ್ವದೇಶಕ್ಕೆ ಮರಳಿ, ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಸೇವೆಗೆ ಸೇರಿದರು. ವಿದೇಶಗಳಿಂದ ತರಿಸಲಾಗುತ್ತಿದ್ದ ಉಪಕರಣಗಳನ್ನು ದೇಶದಲ್ಲಿಯೇ ತಯಾರಿಸುವ ಉದ್ದೇಶದಿಂದ ಸುಮಾರು ೧೦೦ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿದರು. ೧೯೫೭–೫೮ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ಓಝೋನ್ ಪ್ರಮಾಣವನ್ನು ಅಳೆಯುವ ಉಪಕರಣವನ್ನೂ ಅಭಿವೃದ್ಧಿಪಡಿಸಿದರು. ೧೯೭೬ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಬಳಿಕ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

ಮನ್ನಣೆ

ಭಾರತದ ಸೌರ ವಿಕಿರಣವನ್ನು ಕುರಿತು ಇವರು ೧೯೮೦ ಮತ್ತು ೧೯೮೧ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳು ಸೌರಶಕ್ತಿ ಕ್ಷೇತ್ರದ ಆಕರಗಳಾದವು. ೧೯೮೭ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಕೆ. ಆರ್. ರಾಮನಾಥನ್ ಪದಕ ಲಭಿಸಿತು. ಡಾಕ್ಟರೇಟ್ ಪದವಿಯು ಕೊನೆಯವರೆಗೂ ದೊರೆಯಲಿಲ್ಲ. ಇವರು ತಿರುವನಂತಪುರದಲ್ಲಿ ನಿಧನರಾದರು.