ಸಂವಿಧಾನದ ಮೊದಲ ಕರಡು ಮತ್ತು ಬೆನಗಲ್ ನರಸಿಂಗ ರಾವ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಬೇಕಾದಷ್ಟು ಇದ್ದಾರೆಂದು ನಾನು ಬೇರೆ ವಿಷಯ ಆರಿಸಿಕೊಂಡೆ. ನಮ್ಮ ಶಾಲೆಯ ಗಣರಾಜ್ಯೋತ್ಸವದ ಭಾಷಣಗಳಲ್ಲಿ ಡಾ. ಅಂಬೇಡ್ಕರ್, ನೆಹರೂ, ಪಟೇಲ್, ರಾಜೇಂದ್ರ ಪ್ರಸಾದ್ ಇವರ ಹೆಸರುಗಳನ್ನು ಕೇಳುತ್ತಾ ಬೆಳೆದವರು ನಾವು. ಬೆನಗಲ್ ನರಸಿಂಗ ರಾವ್ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ. ಅವರು ನಮ್ಮ ಅವಿಭಜಿತ ದಕ್ಷಿಣ ಕನ್ನಡದವರು. ಮಾಣಿಯಲ್ಲಿ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಅವರು ಓದಿದ ಶಾಲೆಯ ಊರು ಸಿಗುತ್ತದೆ.

ಈಚೆಗೆ ಅವರ ಹೆಸರು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಸಂವಿಧಾನವನ್ನು ನಿಜಕ್ಕೂ ಬರೆದವರು ಇವರೇ, ಅಂಬೇಡ್ಕರರದ್ದು ಹೆಸರು ಮಾತ್ರ ಎಂಬ ಧಾಟಿಯ ಸಂದೇಶಗಳು. ಅದು ನಿಜವಲ್ಲ. ನರಸಿಂಗ ರಾಯರಿಗೂ ಅದರಿಂದ ಗೌರವವಿಲ್ಲ. ಅವರು ಮಾಡಿದ್ದೇನು, ಮಾಡದ್ದೇನು ಎಂದು ನೋಡಿದರೆ ಸಾಕು.

1887ರ ಫೆಬ್ರವರಿ 26ರಂದು ಹುಟ್ಟಿದ ನರಸಿಂಗ ರಾಯರ ತಂದೆ ರಾಘವೇಂದ್ರ ರಾವ್ ವೈದ್ಯರು. ತಮ್ಮಂದಿರಲ್ಲಿ ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಶಿವರಾವ್ ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರೂ ಆದರು. ಒಂದೇ ಮನೆಯಿಂದ ಇಷ್ಟು! ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದರಾಸು ಪ್ರಾಂತ್ಯಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. ಮದರಾಸಿನಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ, ಮರುವರ್ಷ ಗಣಿತದಲ್ಲೂ. ಬಳಿಕ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಆ ದಿನಗಳಲ್ಲಿ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಕೂಡ ಇದ್ದರು. 1909ರಲ್ಲಿ ಐ.ಸಿ.ಎಸ್. ಪಾಸಾಗಿ ರಾಯರು ಬಂಗಾಳದಲ್ಲಿ ನೌಕರಿಗೆ ಸೇರಿದರು.

ನೌಕರಿಯ ವಿವರಗಳನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಸ್ಸಾಮಿನಲ್ಲಿ ಶಾಸನ ಇಲಾಖೆಯ ಕೆಲಸ, 1935ರ ಭಾರತ ಸರಕಾರ ಕಾಯ್ದೆ ಬಂದಾಗ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸುವ ದೊಡ್ಡ ಕೆಲಸ, ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶ ಹುದ್ದೆ, ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ನಡುವಿನ ಜಗಳಕ್ಕೆ ನೇಮಿಸಿದ ಆಯೋಗದ ಅಧ್ಯಕ್ಷತೆ, ಕಾಶ್ಮೀರದಲ್ಲಿ ಸ್ವಲ್ಪ ಕಾಲ ಪ್ರಧಾನಮಂತ್ರಿ ಪದವಿ. 1941ರಿಂದ ಹಿಂದೂ ಕಾನೂನು ಸಮಿತಿಯನ್ನೂ ಅವರೇ ನಡೆಸಿದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಎಂಬ ಮಾತು ಬರಹಕ್ಕೆ ಇಳಿದದ್ದು ಅಲ್ಲಿ. ಮುಂದೆ ಕಾನೂನು ಮಂತ್ರಿಯಾಗಿ ಅಂಬೇಡ್ಕರ್ ಹೋರಾಡಿದ ಹಿಂದೂ ಕೋಡ್ ಮಸೂದೆಯ ಬೇರು ಈ ಸಮಿತಿಯ ಕರಡಿನಲ್ಲಿದೆ. ಕೊನೆಗೆ ಬಂದ 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ನಮ್ಮ ಕಡೆಯ ಅಳಿಯಸಂತಾನದ ಕುಟುಂಬಗಳಿಗೆಂದೇ ಬೇರೆ ಕಲಮುಗಳಿವೆ ಎಂಬುದನ್ನು ಪಾಲುಪಟ್ಟಿ ಮಾಡಿಸಿದವರು ಬಲ್ಲರು.

1946ರ ಜುಲೈಯಲ್ಲಿ ಅವರು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಸಭೆ ಇನ್ನೂ ಸೇರಿರಲಿಲ್ಲ. ಅದು ಮೊದಲು ಕೂಡಿದ್ದು ಡಿಸೆಂಬರ್ 9ರಂದು. ಈ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. ಸಭೆಯ ಸದಸ್ಯರೂ ಅವರಾಗಿರಲಿಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳು ಏನು ಹೇಳುತ್ತವೆಂದು ಮೂರು ಸಂಪುಟಗಳಲ್ಲಿ ಅಚ್ಚು ಮಾಡಿಸಿ ಸದಸ್ಯರ ಕೈಗೆ ಕೊಟ್ಟರು. 1947ರ ಮಾರ್ಚ್ 17ರಂದು ಒಂದು ಪ್ರಶ್ನಾವಳಿ ಕಳಿಸಿದರು. ದೇಶದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು, ಆತನನ್ನು ಆರಿಸುವುದು ಹೇಗೆ ಎಂಬಂಥ ಪ್ರಶ್ನೆಗಳು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಈ ಭಾಗ ಓದುವಾಗ ಒಳಗೊಳಗೇ ಖುಷಿ. ಗಿರಾಕಿಗೆ ಏನು ಬೇಕು ಎಂದು ಕೇಳಿ ತಿಳಿಯದೆ ಒಂದು ಸಾಲೂ ಬರೆಯಬೇಡಿ ಎಂದು ನಾವು ಹೊಸಬರಿಗೆ ಹೇಳುತ್ತೇವೆ. ಅಲ್ಲಿ ಗಿರಾಕಿ ಇಡೀ ದೇಶ.

ಅದೇ ಸಮಯಕ್ಕೆ ಬರ್ಮಾ ದೇಶವೂ ಸಂವಿಧಾನ ಬರೆದುಕೊಳ್ಳುತ್ತಿತ್ತು. ಅಲ್ಲಿನ ಸಲಹೆಗಾರ ಚಾನ್ ಟೂನ್ ದೆಹಲಿಗೆ ಬಂದು ನರಸಿಂಗ ರಾಯರ ನೆರವು ಪಡೆದರು. 1947ರ ಸೆಪ್ಟೆಂಬರ್ 24ರಂದು ಬರ್ಮಾ ತನ್ನ ಸಂವಿಧಾನವನ್ನು ಅಂಗೀಕರಿಸಿತು. ಹೀಗೆ ಎರಡು ಹೊಸ ದೇಶಗಳ ಕರಡಿನಲ್ಲಿ ಒಬ್ಬರೇ ಕೈಯಾಡಿಸಿದ್ದರು.

1947ರ ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು; ಅಂಬೇಡ್ಕರ್ ಅಧ್ಯಕ್ಷರಾದರು. ಅಲ್ಲಿಯವರೆಗೆ ವಿವಿಧ ಸಮಿತಿಗಳ ವರದಿಗಳ ಮೇಲೆ ಸಭೆ ತೀರ್ಮಾನಿಸಿದ್ದನ್ನೆಲ್ಲ ಕಾನೂನಿನ ಭಾಷೆಗೆ ಇಳಿಸಿ ರಾಯರು ಅಕ್ಟೋಬರ್‌ನಲ್ಲಿ ಮೊದಲ ಕರಡು ಒಪ್ಪಿಸಿದರು: 243 ವಿಧಿಗಳು, 13 ಅನುಸೂಚಿಗಳು. ಸಮಿತಿ ಅದನ್ನು ಕಲಮು ಕಲಮಾಗಿ ಒರೆಗೆ ಹಚ್ಚಿ 1948ರ ಫೆಬ್ರವರಿಯಲ್ಲಿ ತನ್ನ ಕರಡು ಕೊಟ್ಟಾಗ ವಿಧಿಗಳು 315 ಆಗಿದ್ದವು. ಸಭೆಯ ಮುಂದೆ ಬಂದ ತಿದ್ದುಪಡಿ ಸೂಚನೆಗಳು 7,635, ಮಂಡನೆಯಾದವು 2,473. ಒಂದೊಂದಕ್ಕೂ ಸಮಿತಿಯ ಪರವಾಗಿ ಎದ್ದು ನಿಂತು ಉತ್ತರ ಕೊಟ್ಟು, ಒಪ್ಪುವುದನ್ನು ಒಪ್ಪಿ, ಬಿಡುವುದನ್ನು ಬಿಟ್ಟು, ಆರೋಗ್ಯ ಕೈಕೊಟ್ಟರೂ ಸಭೆಯನ್ನು ದಡ ಸೇರಿಸಿದವರು ಅಂಬೇಡ್ಕರ್. ಕೊನೆಗೆ 395 ವಿಧಿಗಳು, 8 ಅನುಸೂಚಿಗಳು. 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಅಂಬೇಡ್ಕರ್ ತಾವೇ ಮುಂದಾಗಿ, ತಮಗೆ ಸಂದ ಹೊಗಳಿಕೆಯಲ್ಲಿ ಒಂದು ಪಾಲು ನರಸಿಂಗ ರಾಯರಿಗೂ ಇನ್ನೊಂದು ಪಾಲು ಮುಖ್ಯ ಕರಡುಗಾರ ಎಸ್. ಎನ್. ಮುಖರ್ಜಿಯವರಿಗೂ ಸೇರಬೇಕೆಂದು ಹೇಳಿದರು. ಅವರಿಬ್ಬರ ನಡುವೆ ಇಲ್ಲದ ಪೈಪೋಟಿಯನ್ನು ನಾವು ಹುಟ್ಟಿಸಬೇಕಾಗಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಮೊದಲ ಕರಡು ಕೊಟ್ಟ ಕೂಡಲೇ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ಮುಖಂಡರನ್ನೂ ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ ಒಂದು ಎಚ್ಚರಿಕೆ ಕೊಟ್ಟರು. ಡ್ಯೂ ಪ್ರೊಸೆಸ್ ಎಂಬ ಮಾತನ್ನು ಸಂವಿಧಾನದಲ್ಲಿ ಸೇರಿಸಿದರೆ, ಶಾಸನಸಭೆ ಮಾಡಿದ ಕಾನೂನು ನ್ಯಾಯಯುತವೋ ಅಲ್ಲವೋ ಎಂದು ಕೆಲವೇ ನ್ಯಾಯಾಧೀಶರು ತೀರ್ಮಾನಿಸುವಂತಾಗುತ್ತದೆ ಎಂದು. ಬಡವರ ಪರವಾದ ಕಾನೂನುಗಳು ಆ ದೇಶದ ಕೋರ್ಟುಗಳಲ್ಲಿ ಹೀಗೆ ಬಿದ್ದುಹೋದದ್ದನ್ನು ರಾಯರು ಬಲ್ಲರು. ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ ಆ ಮಾತು ಹೊರಗೆ ಹೋಯಿತು. ಕಾನೂನು ವಿಧಿಸಿದ ಕ್ರಮ ಎಂಬ ಮಾತು ಬಂತು.

ಹಿಂತಿರುಗಿ ಬಂದು ಇನ್ನೊಂದು ಸಲಹೆಯನ್ನೂ ಮುಂದಿಟ್ಟರು. ಹಕ್ಕುಗಳಲ್ಲಿ ಕೋರ್ಟಿಗೆ ಹೋಗಬಹುದಾದ್ದು ಒಂದು ಬಗೆ, ಸರಕಾರಕ್ಕೆ ದಾರಿ ತೋರಿಸುವಂಥದ್ದು ಇನ್ನೊಂದು ಬಗೆ ಎಂದು ಐರ್ಲೆಂಡಿನ ಮಾದರಿಯಲ್ಲಿ ವಿಂಗಡಿಸಲು ಮೊದಲೇ ಸೂಚಿಸಿದ್ದವರು ಅವರು. ಈ ಎರಡನೆಯದೇ ರಾಜ್ಯನೀತಿಯ ನಿರ್ದೇಶಕ ತತ್ವಗಳು. ಹತ್ತು ವರ್ಷಗಳೊಳಗೆ 14ರವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಎಂಬ ಮಾತೂ ಆ ಪಟ್ಟಿಯಲ್ಲೇ ಇತ್ತು. ಅದು ಹಕ್ಕಾಗಲು 2002ರ ತಿದ್ದುಪಡಿ ಬೇಕಾಯಿತು. ಈ ತತ್ವಗಳನ್ನು ಜಾರಿಗೆ ತರಲು ಮಾಡಿದ ಕಾನೂನು ಯಾರದೋ ಮೂಲಭೂತ ಹಕ್ಕಿಗೆ ತಗಲಿತೆಂಬ ಒಂದೇ ಕಾರಣಕ್ಕೆ ರದ್ದಾಗಬಾರದು ಎಂಬುದು ರಾಯರ ಸಲಹೆ. ಸಮಿತಿ ಇದನ್ನು ಒಪ್ಪಲಿಲ್ಲ.

ಹೀಗೆ ಒಂದು ಸಲಹೆ ಒಳಗೆ ಹೋಯಿತು, ಒಂದು ಹೊರಗೆ ಉಳಿಯಿತು. ಎರಡರ ಫಲವೂ ಬೇಗನೆ ಕಂಡಿತು. 1950ರಲ್ಲಿ ಮದರಾಸು ಜೈಲಿನಲ್ಲಿ ವಿಚಾರಣೆಯಿಲ್ಲದೆ ಬಂಧಿಯಾಗಿದ್ದ ಎ. ಕೆ. ಗೋಪಾಲನ್ (ಮುಂದೆ ಪಕ್ಕದ ಕಾಸರಗೋಡಿನಿಂದ ಲೋಕಸಭೆಗೆ ಗೆದ್ದವರು) ಸುಪ್ರೀಂ ಕೋರ್ಟಿಗೆ ಹೋದಾಗ, ಕಾನೂನಿನ ಕ್ರಮ ಪಾಲಿಸಿದ್ದರೆ ಸಾಕು, ಆ ಕಾನೂನು ನ್ಯಾಯವೇ ಎಂದು ತಾನು ನೋಡಲಾರೆ ಎಂದು ಬಹುಮತದ ತೀರ್ಪು ಬಂತು. ಇಲ್ಲಿ ರಾಯರ ಸಲಹೆಗೆ ಕೊಟ್ಟ ಬೆಲೆ ದೊಡ್ಡದೆಂದೇ ನನಗೆ ಅನಿಸುತ್ತದೆ. ಅದನ್ನು ಸರಿಪಡಿಸಲು 1978ರ ಮೇನಕಾ ಗಾಂಧಿ ತೀರ್ಪಿನವರೆಗೆ ಕಾಯಬೇಕಾಯಿತು.

ಇನ್ನೊಂದರಲ್ಲಿ ಅವರ ದೂರದೃಷ್ಟಿಯೇ ಗೆದ್ದಿತು. 1951ರ ಮಾರ್ಚ್‌ನಲ್ಲಿ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ಪಟ್ನಾ ಹೈಕೋರ್ಟು ರದ್ದು ಮಾಡಿತು. ಏಪ್ರಿಲ್‌ನಲ್ಲಿ ಮದರಾಸಿನ ಕಾಲೇಜು ಸೀಟುಗಳ ಮೀಸಲಾತಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ನಮ್ಮ ಜಿಲ್ಲೆ ಆಗ ಮದರಾಸಿಗೇ ಸೇರಿತ್ತು. ನಿರ್ದೇಶಕ ತತ್ವಗಳು ಮೂಲಭೂತ ಹಕ್ಕುಗಳಿಗಿಂತ ಕೆಳಗೆ ಎಂದು ಕೋರ್ಟು ಹೇಳಿತು. ಎರಡೇ ತಿಂಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತರಬೇಕಾಯಿತು. ಭೂಸುಧಾರಣೆಯ ಕಾನೂನುಗಳಿಗೆ ರಕ್ಷಣೆ ಕೊಡುವ ಒಂಬತ್ತನೇ ಅನುಸೂಚಿ ಹುಟ್ಟಿದ್ದು ಆಗ.

ಇದೆಲ್ಲ ದೆಹಲಿಯ ಮಾತೆಂದು ನಮ್ಮೂರವರು ಪುಟ ಮಗುಚಬಾರದು. ಕರ್ನಾಟಕದ ಭೂಸುಧಾರಣಾ ಕಾಯ್ದೆಯೂ ಮುಂದೆ ಅದೇ ಅನುಸೂಚಿಯ ಆಸರೆಗೆ ಸೇರಿತು. 1974ರ ಬಳಿಕ ಏಳನೇ ನಮೂನೆ ಹಿಡಿದು ಟ್ರಿಬ್ಯೂನಲ್ಲಿಗೆ ಓಡಾಡಿದ ಒಕ್ಕಲುಗಳ ಮನೆ ನಮ್ಮ ಸುತ್ತ ಎಷ್ಟಿವೆ! ನನ್ನ ಅಜ್ಜನೂ ಅವರಲ್ಲೊಬ್ಬರು. ಗೇಣಿ ಕೊಡುತ್ತಿದ್ದ ಗದ್ದೆ ಡಿಕ್ಲರೇಷನ್‌ನಲ್ಲಿ ನಮ್ಮದಾಯಿತು, ಗದ್ದೆಯ ಒಂದು ಭಾಗ ತೋಟವಾಯಿತು, ಆ ತೋಟದ ಅಡಿಕೆಯಿಂದ ನನ್ನ ಬಿ.ಇ. ಫೀಸು ಹುಟ್ಟಿತು. ಇದೇ ಕಾಯ್ದೆಯಿಂದ ಜಾಗ ಕಳೆದುಕೊಂಡ ಮನೆಯವರೂ ಈ ಸಂಚಿಕೆ ಓದುತ್ತಾರೆಂಬ ಅರಿವು ನನಗಿದೆ. ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕಲಿತ ಶಾಲೆ ನಮ್ಮದು.

ಸಂವಿಧಾನ ಜಾರಿಗೆ ಬಂದಾಗ ನರಸಿಂಗ ರಾಯರು ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕಾಯಿಲೆ ಬಿದ್ದು 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಅವರ ಟಿಪ್ಪಣಿಗಳನ್ನೂ ಲೇಖನಗಳನ್ನೂ ತಮ್ಮ ಶಿವರಾವ್ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ತಂದರು. ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಒಂದು ಪ್ರತಿಯನ್ನು ಈ ಸಂಚಿಕೆಯ ಜೊತೆಗೇ ಶಾಲೆಯ ಗ್ರಂಥಾಲಯಕ್ಕೆ ಕಳಿಸಿಕೊಡುತ್ತಿದ್ದೇನೆ. ಇಂಗ್ಲಿಷಿನಲ್ಲಿದೆ, ಹತ್ತನೆಯವರಿಗೆ ಸ್ವಲ್ಪ ಕಷ್ಟವಾದೀತು. ಸಮಾಜ ವಿಜ್ಞಾನದ ಮೇಷ್ಟ್ರು ಪ್ರವಾಸದ ಅಧ್ಯಾಯವನ್ನಾದರೂ ಮಕ್ಕಳಿಗೆ ಓದಿ ಹೇಳಬಹುದು.