ದೇವಾಲಯಗಳನ್ನು ಬಣ್ಣದಲ್ಲಿ ಉಳಿಸಿದ ಜಾನ್ ರಸ್ಕಿನ್

ಮಹಾತ್ಮ ಗಾಂಧೀಜಿಯವರ ಆತ್ಮಕಥೆಯನ್ನು ಓದಿದವರಿಗೆ ಜಾನ್ ರಸ್ಕಿನ್ ಎಂಬ ಹೆಸರು ಹೊಸದಲ್ಲ. 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಗಾಂಧೀಜಿಯವರ ನಿದ್ದೆಗೆಡಿಸಿದ್ದು, ಮುಂದೆ ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ಬಂದದ್ದು ಈ ಇಂಗ್ಲಿಷ್ ಲೇಖಕರ ಪುಸ್ತಕವೇ. ಆದರೆ ಇದೇ ರಸ್ಕಿನ್ನರು ತಮ್ಮ ಬಾಳಿನ ಎಷ್ಟೋ ದಿನಗಳನ್ನು ಕಥೋಲಿಕ ದೇವಾಲಯಗಳ ಗೋಡೆಗಳ ಮುಂದೆ ಕುಂಚ ಹಿಡಿದು ಕಳೆದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರು ಕಥೋಲಿಕರಾಗಿರಲಿಲ್ಲ ಎಂಬುದು ಇನ್ನೂ ವಿಶೇಷ.

ರಸ್ಕಿನ್ನರು ಹುಟ್ಟಿದ್ದು ಲಂಡನ್ನಿನಲ್ಲಿ, 1819ರ ಫೆಬ್ರವರಿ 8ರಂದು. ತಂದೆ ಶ್ರೀಮಂತ ವೈನ್ ವ್ಯಾಪಾರಿ. ತಾಯಿ ಮಾರ್ಗರೆಟ್ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಭಕ್ತೆ. ಇದ್ದೊಬ್ಬ ಮಗನನ್ನು ಹುಟ್ಟುವ ಮೊದಲೇ ದೇವರ ಸೇವೆಗೆಂದು ಒಪ್ಪಿಸಿದ್ದ ಆಕೆ, ದಿನವೂ ಬೆಳಿಗ್ಗೆ ಅವನನ್ನು ಬಳಿಯಲ್ಲಿ ಕೂರಿಸಿಕೊಂಡು ಪವಿತ್ರ ಬೈಬಲನ್ನು ಓದಿಸುತ್ತಿದ್ದರು. ಆದಿಕಾಂಡದಿಂದ ಪ್ರಕಟನಾ ಗ್ರಂಥದವರೆಗೆ ಓದಿ ಮುಗಿಸಿದರೆ ಮರುದಿನ ಪುನಃ ಆದಿಕಾಂಡ! ಅತಿ ಉದ್ದದ 119ನೆಯ ಕೀರ್ತನೆಯೂ ಬಾಯಿಪಾಠವಾಗಬೇಕಿತ್ತು. ಮಗ ಧರ್ಮಾಧ್ಯಕ್ಷನಾಗಬೇಕೆಂಬ ತಾಯಿಯ ಆಸೆ ಕೈಗೂಡಲಿಲ್ಲ. ಆದರೆ ಒಂದು ಅಕ್ಷರವನ್ನೂ ಬಿಡದೆ ಓದುವ ಆ ಅಭ್ಯಾಸ ಮುಂದೆ ಕಲ್ಲುಗಳನ್ನು ಓದುವಾಗ ಒದಗಿಬಂತು. ರೋಮಿನ ಧರ್ಮಸಭೆಯ ಬಗೆಗಿನ ಸಂಶಯವೂ ಅದೇ ಮನೆಯಿಂದ ಬಂದದ್ದೇ.

1845ರಲ್ಲಿ, 26ರ ಹರೆಯದಲ್ಲಿ, ರಸ್ಕಿನ್ನರು ಮೊದಲ ಬಾರಿಗೆ ತಂದೆತಾಯಿಗಳಿಲ್ಲದೆ ಇಟಲಿಗೆ ಹೊರಟರು. ಲುಕ್ಕಾ ಪಟ್ಟಣದ ಸಂತ ಮಿಖಾಯೇಲರ ದೇವಾಲಯದ ಮುಂಭಾಗ ಶಿಥಿಲವಾಗಿತ್ತು. ವೆನಿಸ್ಸಿನಲ್ಲಿ ಸಂತ ಮಾರ್ಕರ ಮಹಾದೇವಾಲಯದ ಹಳೆಯ ಅಮೃತಶಿಲೆಗಳನ್ನು ದುರಸ್ತಿಯ ಹೆಸರಿನಲ್ಲಿ ಕೆರೆದು ತೊಳೆಯುತ್ತಿದ್ದರು. ಶತಮಾನಗಳ ಬಣ್ಣ ಕಣ್ಣೆದುರಿಗೇ ಹೋಗುತ್ತಿತ್ತು. ಹಗಲೆಲ್ಲ ಕೂತು ಬರೆದರೂ ಒಬ್ಬನ ಕೈಯಿಂದ ಎಷ್ಟನ್ನು ಉಳಿಸಲು ಸಾಧ್ಯ?

ಅಲ್ಲಿ ಅವರಿಗೆ ಸಿಕ್ಕಿದ್ದು ಡಾಗೆರೋಟೈಪ್. 1839ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ, ಇಂದಿನ ಛಾಯಾಚಿತ್ರಕ್ಕೆ ಹಿರಿಯಣ್ಣನಂಥ ವಿದ್ಯೆ ಇದು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿಗೆ ಅಯೋಡಿನ್ ಹೊಗೆ ಹಿಡಿಸಿ, ಕ್ಯಾಮೆರಾದಲ್ಲಿಟ್ಟು ಬೆಳಕಿಗೊಡ್ಡಿ, ಆಮೇಲೆ ಪಾದರಸದ ಆವಿಯಲ್ಲಿ ಚಿತ್ರ ಮೂಡಿಸಬೇಕು. ಕನ್ನಡಿಯಂಥ ಆ ತಗಡಿನಲ್ಲಿ ಕಲ್ಲಿನ ಬಿರುಕು, ಕಲೆ, ಮುರಿದ ಅಂಚು ಎಲ್ಲವೂ ಇದ್ದಂತೆ ಬರುತ್ತಿತ್ತು. ಒಬ್ಬ ಬಡ ಫ್ರೆಂಚ್ ಕುಶಲಕರ್ಮಿಯಿಂದ ಇಂಥ ಕೆಲವು ತಗಡುಗಳನ್ನು ಕೊಂಡ ರಸ್ಕಿನ್ನರ ಸಂತೋಷಕ್ಕೆ ಪಾರವಿರಲಿಲ್ಲ. ಮುಂದೆ ಅವರೇ ಕ್ಯಾಮೆರಾ ಕೊಂಡರು. ಅದನ್ನು ಹೊತ್ತು ತಿರುಗುವ, ತಗಡು ತೊಳೆಯುವ ಪಾಡು ಸೇವಕ ಜಾನ್ ಹಾಬ್ಸ್‌ನದಾಯಿತು. 1849ರಲ್ಲಿ ಪ್ರಕಟವಾದ ವಾಸ್ತುಶಿಲ್ಪದ ಪುಸ್ತಕದ ಕೆಲವು ಚಿತ್ರಗಳನ್ನು ಅವರು ಇಂಥ ತಗಡುಗಳನ್ನು ನೋಡಿಯೇ ಬರೆದರು.

ನೋಡಿ ಬರೆಯುವುದೇಕೆ, ತಗಡೇ ಇದೆಯಲ್ಲ ಎನ್ನಬಹುದು. ಆದರೆ ತಗಡು ಒಂದೇ ಪ್ರತಿ. ಮತ್ತೊಂದು ಬೇಕೆಂದರೆ ಕೈಯಿಂದಲೇ ಬರೆಯಬೇಕು. ಅದರಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಬಣ್ಣವೇ ಇರಲಿಲ್ಲ. ಬಣ್ಣವಿಲ್ಲದ ಸಂತ ಮಾರ್ಕರ ದೇವಾಲಯ ರಸ್ಕಿನ್ನರಿಗೆ ದೇವಾಲಯವೇ ಅಲ್ಲ. ಹಸಿರು, ಕೆನ್ನೀಲಿ ಕಂಬಗಳ, ಹೊನ್ನಿನ ಮೊಸಾಯಿಕ್‌ಗಳ ಆ ಕಟ್ಟಡ ಅಕ್ಷರ ಬಾರದ ಜನರಿಗೆಂದೇ ತೆರೆದಿಟ್ಟ ಬಣ್ಣದ ಬೈಬಲ್ ಎಂದು ಅವರು ತಿಳಿದಿದ್ದರು. ಆದ್ದರಿಂದ ಗೆರೆಗೆ ತಗಡು, ಬಣ್ಣಕ್ಕೆ ಕಣ್ಣು ಎಂಬಂತೆ ಅವರ ಕೆಲಸ ಸಾಗಿತು. ವಯಸ್ಸಾದಂತೆ ಕ್ಯಾಮೆರಾದ ಮೇಲಿನ ಮೋಹ ಇಳಿಯಿತು. ಸಾಕ್ಷಿಗೆ ಅದು ಬೇಕು, ಆದರೆ ಪ್ರೀತಿಸಿ ನೋಡುವ ಕೆಲಸವನ್ನು ಅದು ಮಾಡಲಾರದು ಎಂಬ ನಿಲುವಿಗೆ ಬಂದರು.

ಅವರ ಸಂಸಾರ ಸುಖವಾಗಿರಲಿಲ್ಲ. 1848ರ ಮದುವೆ 1854ರಲ್ಲಿ ಅನೂರ್ಜಿತವಾಯಿತು. 1858ರಲ್ಲಿ ತಾಯಿಯ ಕಟ್ಟುನಿಟ್ಟಿನ ಪಂಥವೂ ಕೈಬಿಟ್ಟಿತು. ನಂಬಿಕೆ ನೆಲೆಯಿಲ್ಲದೆ ಅಲೆದ ಆ ವರ್ಷಗಳ ನಂತರ, 1874ರಲ್ಲಿ, ಅವರು ಅಸ್ಸಿಸಿಗೆ ಬಂದರು. ಫ್ರಾನ್ಸಿಸ್ಕನ್ ಮಠದಲ್ಲಿ, ಸಾಕ್ರಿಸ್ತಿ ನೋಡಿಕೊಳ್ಳುತ್ತಿದ್ದ ಸಹೋದರನ ಕೋಣೆಯಲ್ಲಿ ಕುಳಿತು, ಸಂತ ಫ್ರಾನ್ಸಿಸರು ಬಡತನವೆಂಬ ವಧುವಿನ ಕೈಹಿಡಿಯುವ ಭಿತ್ತಿಚಿತ್ರವನ್ನು ನಕಲು ಮಾಡಿದರು. ಹಿಂದೆ ಪೋಪರ ಸಭೆಯನ್ನು ಹಳಿದು ಬರೆದಿದ್ದ ತಮ್ಮದೇ ಮಾತುಗಳನ್ನು 1880ರ ಮುದ್ರಣದ ಟಿಪ್ಪಣಿಗಳಲ್ಲಿ ಅವರೇ ಗೇಲಿ ಮಾಡಿದರು. ಕಾರ್ಡಿನಲ್ ಮ್ಯಾನಿಂಗ್ ಅವರ ಸ್ನೇಹಿತರಾಗಿದ್ದರು. ರಸ್ಕಿನ್ನರು ಕಥೋಲಿಕರಾದರೆಂಬ ಸುದ್ದಿಯೂ ಹಬ್ಬಿತು; ಅವರೇ ಅದನ್ನು ಅಲ್ಲಗಳೆದರು. ನಾವು ಅವರನ್ನು ನಮ್ಮವರೆಂದು ಎಳೆದುಕೊಳ್ಳುವ ಅಗತ್ಯವಿಲ್ಲ.

ಅಷ್ಟರಲ್ಲಿ ಸಂತ ಮಾರ್ಕರ ದೇವಾಲಯದ ದಕ್ಷಿಣ ಭಾಗದ ಹಳೆಯ ಕಲ್ಲು ಹೋಗಿ ಹೊಸ ಕಲ್ಲು ಬಂದಿತ್ತು. ಪಶ್ಚಿಮದ ಮುಂಭಾಗದ ಸರದಿ ಬರಲಿತ್ತು. 1877ರಲ್ಲಿ ವೆನಿಸ್ಸಿನ ಕೌಂಟ್ ಜೋರ್ಜಿ ಇದನ್ನು ವಿರೋಧಿಸಿ ಬರೆದ ಪುಸ್ತಕಕ್ಕೆ ರಸ್ಕಿನ್ನರು ಮುನ್ನುಡಿ ಬರೆದರು. ಒಂದು ವೇಳೆ ಸೋತರೆ? ಅದಕ್ಕಾಗಿ ತಮ್ಮ ಹಳೆಯ ಶಿಷ್ಯ ಜಾನ್ ಬನ್ನಿಯವರಿಗೆ ಆ ಮುಂಭಾಗವನ್ನು ಇಡಿಯಾಗಿ ಬರೆಯಲು ಹಣ ಕೊಟ್ಟರು. ಬನ್ನಿ ಸುಮಾರು 600 ದಿನ ಚೌಕದಲ್ಲಿ ನಿಂತು, ಏಳು ಅಡಿಗೂ ಹೆಚ್ಚು ಅಗಲದ ಬಟ್ಟೆಯ ಮೇಲೆ ಒಂದೊಂದೇ ಕಲ್ಲಿನ ಬಣ್ಣ ತುಂಬಿ, 1882ರಲ್ಲಿ ಮುಗಿಸಿದರು. ಅದೇ ವರ್ಷ ತೀರಿಕೊಂಡರು. 1879ರಲ್ಲಿ ಇಂಗ್ಲೆಂಡಿನಲ್ಲೂ ಪ್ರತಿಭಟನೆ ಎದ್ದಿತ್ತು. ಕೊನೆಗೂ ಪಶ್ಚಿಮದ ಮುಂಭಾಗ ಉಳಿಯಿತು.

ಬನ್ನಿಯವರ ಚಿತ್ರ ಹೋದದ್ದು ಶೆಫೀಲ್ಡ್ ನಗರಕ್ಕೆ. ಚೂರಿ, ಕತ್ತರಿ ತಯಾರಿಸುವ ಕಾರ್ಮಿಕರ ಊರು ಅದು. ಅವರಿಗೆಂದೇ ರಸ್ಕಿನ್ನರು 1875ರಲ್ಲಿ ಅಲ್ಲೊಂದು ಪುಟ್ಟ ವಸ್ತುಸಂಗ್ರಹಾಲಯ ತೆರೆದಿದ್ದರು. ವೆನಿಸ್ಸಿಗೆ ಎಂದೂ ಹೋಗಲಾಗದವರು ಭಾನುವಾರ ಮಡದಿ ಮಕ್ಕಳೊಂದಿಗೆ ಬಂದು ಅದರ ಮುಂದೆ ನಿಲ್ಲಬಹುದಿತ್ತು.

ಮನೋವ್ಯಾಧಿ ಕೊನೆಯ ಹತ್ತು ವರ್ಷ ರಸ್ಕಿನ್ನರ ಲೇಖನಿಯನ್ನು ಕಸಿದಿತ್ತು. 1900ರ ಜನವರಿ 20ರಂದು ಅವರು ಕಾನಿಸ್ಟನ್ ಸರೋವರದ ದಡದ ಮನೆಯಲ್ಲಿ ಕಣ್ಣು ಮುಚ್ಚಿದರು. 2006ರಲ್ಲಿ ಪೆನ್ರಿತ್ ಎಂಬ ಊರಿನ ಹರಾಜಿನಲ್ಲಿ ಹಳೆಯ ಮರದ ಪೆಟ್ಟಿಗೆಯೊಂದು ಮಾರಾಟಕ್ಕೆ ಬಂತು. ಒಳಗೆ 188 ತಗಡುಗಳು, ಅವುಗಳಲ್ಲಿ ಬಹಳಷ್ಟು ವೆನಿಸ್ಸಿನವು. ಕಳೆದೇಹೋಯಿತೆಂದುಕೊಂಡಿದ್ದ ರಸ್ಕಿನ್ನರ ಸಂಗ್ರಹ ಅದಾಗಿತ್ತು.